ಒಂದನೇ ನಂಬರಿನ ಬಾಗಿಲು

ಇಸುಬುವಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಹೇಳುವವರಿಗೆ ಅವನ ಪರಿಚಯ ಸಾಲದು. ಮೂಗಿನ ತುದಿಯ ಸಿಟ್ಟಾದರೆ ಬಂದಷ್ಟೇ ಬೇಗ ಇಳಿಯುತ್ತದೆ. ಇವನದು ಬೆಳಿಗ್ಗೆ ನಮಾಜು ಮುಗಿಸಿ ಚಪ್ಪಲಿ ಮೆಟ್ಟುವಾಗಲೇ ಜೊತೆಗೆ ಹೊರಡುವ ಸಿಟ್ಟು. ಗ್ಲಾಸಿನಲ್ಲಿ ಅರ್ಧ ಚಹಾ ಬಿಟ್ಟವರ ಮೇಲೆ, ರೂಮಿನ ಟವೆಲಿನಲ್ಲಿ ಶೂ ಒರೆಸಿದವರ ಮೇಲೆ, ಟಯರಿನ ಗಾಳಿ ನೋಡದೆ ಸಲಾಲಾಕ್ಕೆ ಹೊರಟವರ ಮೇಲೆ ಅವನು ಮೂವತ್ತೆರಡು ವರ್ಷ ಒಂದೇ ಸಮನೆ ರೇಗಿದ. ಮಸ್ಕತ್‌ನಿಂದ ಸಲಾಲಾಕ್ಕೆ ಹೋಗುವ ಆ ಉದ್ದದ ರಸ್ತೆಯಲ್ಲಿ ಲಾರಿ ಓಡಿಸುವ ಪಠಾಣರು ಅವನನ್ನು ಗರಂ ಚಾಚಾ ಎಂದರು, ಅರಬರು ಯೂಸುಫ್ ಎಂದರು, ಊರಿನ ಕಡೆಯವರು ಇಸುಬಾಕ ಎಂದರು. ಬೈಸಿಕೊಂಡು ಹೋದವರೇ ಮುಂದಿನ ಸಲ ಬರುವಾಗ ಅವನಿಗೆಂದು ನಿಜ್ವಾದಿಂದ ಹಲ್ವದ ಡಬ್ಬಿ ತರುತ್ತಿದ್ದರು.

ಅವನಿದ್ದದ್ದು ರಿಮ್ತ್ ರೆಸ್ಟ್ ಹೌಸಿನಲ್ಲಿ. ಆದಂ ಪೇಟೆ ದಾಟಿ ದಕ್ಷಿಣಕ್ಕೆ ನೂರಿಪ್ಪತ್ತು ಕಿಲೋಮೀಟರ್. ಸುತ್ತ ಮರವೆಂಬುದಿಲ್ಲ, ಗುಡ್ಡವೆಂಬುದಿಲ್ಲ, ಕಣ್ಣಿಗೆ ಬೇಸರ ಬರುವಷ್ಟು ಜಲ್ಲಿ ನೆಲ. ಅದರ ನಡುವೆ ಒಂದೇ ಸಾಲಿನಲ್ಲಿ ಹನ್ನೆರಡು ಕೋಣೆಗಳು. ಯಾವ ಕೋಣೆ ಹಿಡಿದರೂ ಅದರ ಬಾಗಿಲಿಗೇ ಕಾರು ತಂದು ನಿಲ್ಲಿಸಬಹುದು. ಸಾಲಿನ ಒಂದು ತುದಿಯಲ್ಲಿ ಊಟದ ಹಾಲ್, ಇನ್ನೊಂದು ತುದಿಯಲ್ಲಿ ಪೆಟ್ರೋಲ್ ಪಂಪು ಮತ್ತು ಪಂಕ್ಚರ್ ಅಂಗಡಿ. ಪಂಪಿನ ಕಡೆಯಿಂದ ಬಂದರೆ ಮೊದಲು ಸಿಗುವುದೇ ಒಂದನೇ ನಂಬರು.

ಹನ್ನೆರಡರಲ್ಲಿ ಹನ್ನೊಂದು ಕೋಣೆಗೆ ಬಾಡಿಗೆ, ಒಂದನೇ ನಂಬರಿಗೆ ಇಲ್ಲ. ಅದಕ್ಕೆ ಬೀಗವಿಲ್ಲ, ಹೊರಗೆ ಚಿಲಕವಿಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆಸುವ ಕಟ್ಟಳೆಯಿಲ್ಲ. ಗಾಡಿ ಕೆಟ್ಟವರು, ಮೈ ಕೆಟ್ಟವರು, ಯಾವ ಜಾತಿ ಯಾವ ದೇಶದವರೇ ಆಗಲಿ, ಬಾಗಿಲು ತಳ್ಳಿ ಒಳಗೆ ಹೋಗಿ ಮಲಗಬಹುದು. ಒಳಗೆ ಎರಡು ಮಂಚ, ಒಂದು ಎ.ಸಿ. ಹೊರಗೆ ಜಗಲಿಯ ಮಾಡಿನಿಂದ ಹಗ್ಗದಲ್ಲಿ ಇಳಿಬಿಟ್ಟ ಮಣ್ಣಿನ ಹೂಜಿ. ಅರಬರು ಅದನ್ನು ಜಹ್ಲಾ ಎನ್ನುತ್ತಾರೆ. ಗಾಳಿ ಕಾದಷ್ಟೂ ಅದರೊಳಗಿನ ನೀರು ತಣ್ಣಗಾಗುತ್ತದೆ. ದಿನಕ್ಕೆ ಮೂರು ಸಲ ಅದನ್ನು ತುಂಬುವ ಕೆಲಸ ಇಸುಬುವಿನದು. ಇನ್ನೊಬ್ಬರು ತುಂಬಲು ಹೋದರೆ ಅದಕ್ಕೂ ರೇಗುತ್ತಿದ್ದ.

ಈ ಪದ್ಧತಿ ಹಾಕಿದವರು ರೆಸ್ಟ್ ಹೌಸಿನ ಮಾಲೀಕ, ಇಸುಬುವಿಗೆ ವೀಸಾ ಕೊಟ್ಟು ಜಾಮೀನು ನಿಂತ ಕಫೀಲ್, ಹಮೂದ್. ಆ ಹಾದಿಗೆ ಡಾಂಬರು ಬೀಳುವುದಕ್ಕೂ ಮೊದಲು ಹಮೂದರ ತಮ್ಮ ಗಾಡಿ ಕೆಟ್ಟು, ನಡೆದು ನಡೆದು ಒಂದು ಪಂಪ್‌ಹೌಸಿನ ತನಕ ತಲುಪಿದ್ದ. ಒಳಗೆ ನೀರಿತ್ತು, ಬಾಗಿಲಿಗೆ ಬೀಗವಿತ್ತು. ಮೂರನೆಯ ದಿನ ಹುಡುಕಿಕೊಂಡು ಹೋದವರಿಗೆ ಅವನು ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಲ್ಲೇ ಸತ್ತು ಸಿಕ್ಕಿದ. ಮುಂದೆ ರೆಸ್ಟ್ ಹೌಸ್ ಕಟ್ಟಿಸುವಾಗ ಹಮೂದ್ ಎಲ್ಲಕ್ಕಿಂತ ಮೊದಲು ಕಟ್ಟಿಸಿದ್ದು ಈ ಬೀಗವಿಲ್ಲದ ಕೋಣೆಯನ್ನು.

ಪಾಣೆಮಂಗಳೂರಿನ ಇಸುಬು ಇಲ್ಲಿಗೆ ಬಂದದ್ದು ಇಪ್ಪತ್ತನಾಲ್ಕರ ಪ್ರಾಯದಲ್ಲಿ. ವೀಸಾ ಸಿಕ್ಕಿದ್ದು ನಿಜ್ವಾದಲ್ಲಿರುವ ಹಮೂದರ ಖರ್ಜೂರದ ತೋಟಕ್ಕೆ, ತೋಟದ ಕೆಲಸಗಾರ ಎಂದು. ಬಂದ ಮರುದಿನವೇ ಹಮೂದ್ ಅವನನ್ನು ಪಿಕಪ್ಪಿನಲ್ಲಿ ಕೂರಿಸಿ, ರೆಸ್ಟ್ ಹೌಸಿನ ಅಡುಗೆಯವನು ರಜೆಯಲ್ಲಿದ್ದಾನೆ, ಎರಡು ವಾರ ನೋಡಿಕೋ ಎಂದು ಇಲ್ಲಿ ಇಳಿಸಿ ಹೋದರು. ಆ ಅಡುಗೆಯವನು ತಿರುಗಿ ಬರಲಿಲ್ಲ. ಇಸುಬು ಅಡುಗೆಯವನಾದ, ಆಮೇಲೆ ಮ್ಯಾನೇಜರ್ ಆದ, ಆಮೇಲೆ ಪ್ಲಂಬರ್, ಎಲೆಕ್ಟ್ರಿಷಿಯನ್, ಹಾವು ಹಿಡಿಯುವವ, ಎಲ್ಲವೂ ಆದ. ಪತಾಕದಲ್ಲಿ, ಅಂದರೆ ಇಲ್ಲಿ ವಾಸಿಸುವವರೆಲ್ಲ ಕಿಸೆಯಲ್ಲಿಟ್ಟುಕೊಳ್ಳಬೇಕಾದ ಗುರುತಿನ ಚೀಟಿಯಲ್ಲಿ, ಮಾತ್ರ ತೋಟದ ಕೆಲಸಗಾರನೇ ಆಗಿ ಉಳಿದ. ಬದಲಾಯಿಸಲು ಹಮೂದ್ ಎರಡು ಸಲ ಹೇಳಿದ್ದರು. ನೀವಿರುವಾಗ ನನಗೆ ಕಾಗದ ಯಾಕೆ ಬಾಬಾ ಎಂದು ಇಸುಬುವೇ ನಕ್ಕುಬಿಟ್ಟಿದ್ದ. ನಮ್ಮವರು ತಲೆಮಾರಿನಿಂದ ಮಾಡಿಕೊಂಡು ಬಂದ ತಪ್ಪು ಇದು. ಒಳ್ಳೆಯ ಕಫೀಲ್ ಸಿಕ್ಕಿದರೆ ಸಾಕು, ಅವನಿಗೆ ಸಾವೇ ಇಲ್ಲ ಎಂಬಂತೆ ಬದುಕಿಬಿಡುತ್ತಾರೆ.

ಒಂದನೇ ನಂಬರಿನ ಬಾಗಿಲಿಗೂ ಒಂದು ಕತೆಯಿದೆ. ಮೊದಲಿದ್ದ ತಗಡಿನ ಬಾಗಿಲು ಒಂದು ಮರಳುಗಾಳಿಗೆ ಹಾರಿಹೋಯಿತು. ಅದೇ ವರ್ಷ ಹಮೂದ್ ತಮ್ಮ ಹಳೆಯ ಮಣ್ಣಿನ ಮನೆಯನ್ನು ಕೆಡವಿಸುತ್ತಿದ್ದರು. ಅದರ ಮುಂಬಾಗಿಲನ್ನು, ಗೇಣಗಲದ ಹಲಗೆಗಳಿಗೆ ಕಬ್ಬಿಣದ ಗುಬ್ಬಿ ಮೊಳೆ ಹೊಡೆದ ಬಾಗಿಲನ್ನು, ಪಿಕಪ್ಪಿನಲ್ಲಿ ತಂದು, "ಯೂಸುಫ್, ಇದು ನಿನಗೆ ಕೊಟ್ಟದ್ದು. ಎಲ್ಲಿ ಬೇಕೋ ಅಲ್ಲಿ ಹಾಕಿಕೋ" ಎಂದರು. ಇಸುಬು ಅದನ್ನು ಒಂದನೇ ನಂಬರಿಗೆ ಹಾಕಿದ. ಹಳೆಯ ಕಾಲದ ಬಾಗಿಲು, ಈಗಿನ ಯಾವ ಅಳತೆಗೂ ಕೂಡುತ್ತಿರಲಿಲ್ಲ. ಬಾಗಿಲು ಕೊಯ್ಯಲು ಮನಸ್ಸು ಬಾರದೆ ಗೋಡೆಯನ್ನೇ ಒಡೆದು, ದಾರಂದವನ್ನು ಬಾಗಿಲಿನ ಅಳತೆಗೆ ಮಾಡಿಸಿದ. ಒಮಾನಿನಲ್ಲಿ ಇಸುಬುವಿನದು ಎಂದು ಹೇಳಬಹುದಾದ ವಸ್ತು ಅದೊಂದೇ.

ಎರಡು ವರ್ಷದ ಹಿಂದೆ ಹಮೂದ್ ತೀರಿಕೊಂಡರು. ಅದೇ ಹೊತ್ತಿಗೆ ಅಗಲವಾದ ಜೋಡಿರಸ್ತೆಯೂ ಬಂತು. ಮೊದಲು ಎದುರುಬದುರು ಓಡುತ್ತಾ, ಒಂಟೆ ಅಡ್ಡ ಬಂದರೆ ನಿಲ್ಲುತ್ತಾ, ನಿದ್ದೆ ಬಂದರೆ ಚಹಾಕ್ಕೆ ಇಳಿಯುತ್ತಾ ಹೋಗುತ್ತಿದ್ದ ಗಾಡಿಗಳು ಈಗ ಗುಂಡು ಹೊಡೆದಂತೆ ಹೋದವು. ಕೋಣೆಗಳು ಖಾಲಿ ಬಿದ್ದವು. ರೆಸ್ಟ್ ಹೌಸ್ ಹಮೂದರ ಮಗ ಅಝ್ಝಾನನ ಕೈಗೆ ಬಂತು.

ಅಝ್ಝಾನ್ ಕೆಟ್ಟವನಲ್ಲ. ಅದೇ ಇಸುಬುವಿಗೆ ಹೆಚ್ಚು ಸಿಟ್ಟು ಬರಿಸುವ ಸಂಗತಿ. ಕೆಟ್ಟವನಾದರೆ ಎರಡು ಬೈದು ಮುಗಿಸಬಹುದಿತ್ತು. ಅವನು ಅಮೆರಿಕದಲ್ಲಿ ಓದಿ ಬಂದವನು. ಅಲ್ಲಿ ಒಂದು ಹಳೆಯ ಹೆದ್ದಾರಿ ಇದೆಯಂತೆ, ಹೊಸ ರಸ್ತೆ ಬಂದ ಮೇಲೆ ಅದೂ ಸತ್ತುಹೋಗಿತ್ತಂತೆ. ಅದರ ಬದಿಯ ಹಳೆಯ ಮೋಟೆಲ್‌ಗಳಿಗೆ ಬಣ್ಣ ಬಳಿದು, ಬಾಣದ ಗುರುತಿನ ನಿಯಾನ್ ದೀಪ ಹಚ್ಚಿ, ಹಳೆಯ ಕಾರು ನಿಲ್ಲಿಸಿ, ಅದನ್ನು ನೋಡಲೆಂದೇ ಜನ ದೇಶದೇಶದಿಂದ ಬರುವ ಹಾಗೆ ಮಾಡಿದ್ದಾರಂತೆ. ರಿಮ್ತ್ ರೆಸ್ಟ್ ಹೌಸನ್ನೂ ಹಾಗೆಯೇ ಮಾಡುತ್ತೇನೆ, ಬಾಬಾನ ಹೆಸರು ಉಳಿಸುತ್ತೇನೆ ಎಂದು ಅವನು ಹೊರಟ. ಕೆಲಸ ನೋಡಿಕೊಳ್ಳಲು ಜೋಸ್ಟನ್ ಎಂಬ ಪ್ರಾಜೆಕ್ಟ್ ಮ್ಯಾನೇಜರನ್ನು ಇಟ್ಟ. ಜೋಸ್ಟನ್ ಮಂಗಳೂರಿನ ಕ್ರಿಶ್ಚಿಯನ್, ಮಸ್ಕತ್‌ನ ಅಲ್ ಹೈಲ್‌ನಲ್ಲಿ ಸಂಸಾರ, 'ಯೆಸ್ ಸರ್' ಬಿಟ್ಟು ಬೇರೆ ಉತ್ತರ ಗೊತ್ತಿಲ್ಲದ ನಲವತ್ತರ ಮನುಷ್ಯ. ಇಸುಬು ಅವನನ್ನು ಊರಿನ ಕ್ರಮದಂತೆ ಪೊರ್ಬುಗಳೇ ಎಂದ, ಅವನು ಇವನನ್ನು ಬ್ಯಾರಿಗಳೇ ಎಂದ.

ಒಂದು ದಿನ ಜೋಸ್ಟನ್ ಮೊಬೈಲಿನಲ್ಲಿ ಆ ಮೋಟೆಲ್‌ಗಳ ಫೋಟೋ ತೋರಿಸಿದ. ಇಸುಬು ಸಿಟ್ಟು ಮರೆತು ನೋಡಿದ. ಸಾಲು ಕೋಣೆ, ಬಾಗಿಲಿಗೆ ಕಾರು, ಸುತ್ತ ಬೋಳು ನೆಲ. ಅವನದೇ ರೆಸ್ಟ್ ಹೌಸು. ಒಂದು ಫೋಟೋದಲ್ಲಿ ಬೆಳ್ಳಗಿನ ಕೂದಲಿನ ಮುದುಕಿಯೊಬ್ಬಳು ಕೋಣೆಯ ಎದುರು ಕುರ್ಚಿ ಹಾಕಿ ಕೂತಿದ್ದಳು.

"ಇದು ಯಾರು?"

"ಆ ಮೋಟೆಲ್‌ನ ಹಳೇ ಹೆಂಗಸು. ಐವತ್ತು ವರ್ಷದಿಂದ ಅವ್ಳೇ ನೋಡಿಕೊಳ್ಳುದಂತೆ."

"ರಿಪೇರಿ ಆದ ಮೇಲೆ ಅವ್ಳನ್ನು ಎಂತ ಮಾಡಿದ್ರು?"

"ಎಂತ ಮಾಡ್ಲಿಕ್ಕುಂಟು? ಈಗ್ಲೂ ಅವ್ಳೇ ನಡ್ಸುದು. ಜನ ಬರುದೇ ಅವ್ಳ ಹತ್ರ ಮಾತಾಡ್ಲಿಕ್ಕೆ."

"ಹಾಗಾದ್ರೆ ಪೊರ್ಬುಗಳೇ," ಇಸುಬುವಿನ ಸ್ವರ ಏರಿತು, "ದೀಪ ತಂದ್ರಿ, ಬಾಣ ತಂದ್ರಿ, ಆ ಕೆಂಪು ಡಕೋಟಾ ಕಾರನ್ನೂ ತಂದು ನಿಲ್ಸಿದ್ರಿ. ಇದೊಂದನ್ನು ಯಾಕೆ ತರ್ಲಿಲ್ಲ?"

ಜೋಸ್ಟನ್ ಮೊಬೈಲು ಕಿಸೆಗೆ ಹಾಕಿಕೊಂಡ.

ಅವನಿಗೆ ಗೊತ್ತಿತ್ತು, ಇಸುಬುವಿಗೆ ಇನ್ನೂ ಗೊತ್ತಿರಲಿಲ್ಲ. ಹೊಸ ನಕ್ಷೆಯಲ್ಲಿ ಒಂದನೇ ನಂಬರು ಮ್ಯೂಸಿಯಂ. ಹಳೆಯ ರಿಜಿಸ್ಟರು, ಹಳೆಯ ರೇಡಿಯೋ, ಹಮೂದರ ಬಂದೂಕು, ಅವರ ಪಕ್ಕದಲ್ಲಿ ಎಳೆಯ ಮೀಸೆಯ ಇಸುಬು ನಿಂತಿರುವ ಫೋಟೋ, ಎಲ್ಲ ಒಳಗೆ ಜೋಡಿಸಿ, ಬೇಕಾದವರಿಗೆ ಟಿಕೆಟ್ ಮೇಲೆ ತೆರೆದು ತೋರಿಸುವುದು. ಗೋಡೆಯ ಮೇಲೆ ಹಮೂದರ ತಮ್ಮನ ಕತೆಯನ್ನು ಎರಡು ಭಾಷೆಯಲ್ಲಿ ಚಂದ ಬರೆಸಿದ್ದರು. ಆ ಕತೆಗೆ ಕಾವಲೆಂದು ಬಾಗಿಲಿಗೆ ಕೊಂಡಿ ಹೊಡೆದು ಹಿತ್ತಾಳೆಯ ಬೀಗ ಹಾಕಿದರು.

ಆ ಬೀಗ ಕಂಡ ದಿನ ಇಸುಬು ನೇರ ಅಝ್ಝಾನನ ಎದುರು ಹೋಗಿ ನಿಂತ. ಅರೇಬಿಕ್‌ನಲ್ಲಿ ಅವನಿಗೆ ಬೈಗುಳಗಳು ಚೆನ್ನಾಗಿ ಬರುತ್ತಿದ್ದವು, ನ್ಯಾಯದ ಮಾತು ಅಷ್ಟು ಬರುತ್ತಿರಲಿಲ್ಲ. "ಬೀಗದ ಹೊರಗೆ ಸತ್ತವನ ಕತೆಯನ್ನು ಬೀಗದ ಒಳಗೆ ಇಡುತ್ತೀಯಾ? ನಿನ್ನ ಬಾಬಾ ಇದ್ದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದರು" ಎಂದ. ಬಾಯಿಂದ ಬಿದ್ದ ಮೇಲೆ ಮಾತು ಹೆಚ್ಚಾಯಿತೆಂದು ಅವನಿಗೇ ಅನ್ನಿಸಿತು.

ಅಝ್ಝಾನ್ ದನಿ ಏರಿಸಲಿಲ್ಲ. "ಯೂಸುಫ್, ನಿನ್ನ ಪತಾಕ ಕೊಡು" ಎಂದ. ಇಸುಬು ತೆಗೆದು ಕೊಟ್ಟ. "ಓದುತ್ತೇನೆ ಕೇಳು. ತೋಟದ ಕೆಲಸಗಾರ, ನಿಜ್ವಾ. ಈ ಕಟ್ಟಡದಲ್ಲಿ ನೀನು ಕೆಲಸ ಮಾಡಿದ್ದೀ ಎನ್ನಲು ಒಂದೇ ಒಂದು ಕಾಗದ ಇಲ್ಲ. ಬಾಬಾನ ಮೇಲಿನ ಗೌರವಕ್ಕೆ ಇಟ್ಟುಕೊಂಡಿದ್ದೇನೆ. ಯೂನಿಫಾರ್ಮ್ ಹಾಕು, ಬಂದವರಿಗೆ ಕಹ್ವಾ ಕಾಫಿ ಕೊಡು, ಫೋಟೋಗೆ ನಿಲ್ಲು. ಇಲ್ಲವಾದರೆ ತೋಟಕ್ಕೆ ಹೋಗು. ಖಲಾಸ್."

ಮೂವತ್ತೆರಡು ವರ್ಷ. ಒಡೆದ ಪೈಪುಗಳನ್ನು ಕೈಯಲ್ಲಿ ಅದುಮಿ ಹಿಡಿದು ನಿಂತದ್ದು, ಅಪಘಾತದ ಹೆಣಗಳ ಮೇಲೆ ರೂಮಿನ ಬೆಡ್‌ಶೀಟು ಹೊದೆಸಿದ್ದು, ಒಂದನೇ ನಂಬರಿನಲ್ಲಿ ಹೆರಿಗೆಯಾದ ಸಿಂಧಿ ಹೆಂಗಸಿಗೆ ಗಂಜಿ ಕಾಯಿಸಿ ಕೊಟ್ಟದ್ದು, ಯಾವುದೂ ಕಾಗದದಲ್ಲಿಲ್ಲ. ಇಸುಬುವಿಗೆ ಅಝ್ಝಾನನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು. ಎರಡು ಸಲ ಹೇಳಿದ್ದರಲ್ಲ ಮುದುಕರು, ಎರಡೂ ಸಲ ಹಲ್ಲು ಬಿಟ್ಟೆಯಲ್ಲ ಎಂದು ಹಣೆ ಚಚ್ಚಿಕೊಂಡ.

ಹೊರಗೆ ಬಂದಾಗ ಜೋಸ್ಟನ್ ಅವನ ಕೈ ಹಿಡಿದ. "ಬ್ಯಾರಿಗಳೇ, ಓಪನಿಂಗ್ ಒಂದು ಆಗ್ಲಿ. ಆಮೇಲೆ ನಾನು ಸರ್‌ಗೆ ಹೇಳಿ ಬೀಗ ತೆಗೆಸ್ತೇನೆ. ಪ್ರಾಮಿಸ್."

"ನೀವು? ಹೇಳ್ತೀರಿ?"

"ಹೇಳ್ತೇನೆ ಅಂದೆನಲ್ಲ ಮಾರಾಯ್ರೆ."

ಫೋನಿನಲ್ಲಿ ಹೆಂಡತಿ ಬೀಬಿಯೂ ಅದನ್ನೇ ಅಂದಳು. ಪಾಣೆಮಂಗಳೂರಿನ ಮನೆಯಲ್ಲಿ ಕೂತು ಮೂವತ್ತು ವರ್ಷ ಅವನ ಸಿಟ್ಟನ್ನು ಫೋನಿನಲ್ಲೇ ಇಳಿಸಿದವಳು ಅವಳು. "ಕೋಪದಲ್ಲಿ ಕೊಯ್ದ ಮೂಗು ಪುನಃ ಬರುದಿಲ್ಲ. ಸ್ವಲ್ಪ ದಿನ ಬಾಯಿಗೆ ಬೀಗ ಹಾಕಿ ಕೂತ್ಕೊಳ್ಳಿ."

"ಬಾಗಿಲಿಗೂ ಬೀಗ, ಬಾಯಿಗೂ ಬೀಗ," ಎಂದ ಇಸುಬು. "ಕೀ ಮಾತ್ರ ಬೇರೆಯವನ ಕಿಸೆಯಲ್ಲಿ."

ಆದರೂ ಸುಮ್ಮನಾದ. ಯೂನಿಫಾರ್ಮಿನ ಚೌಕುಳಿ ಅಂಗಿ ಹಾಕಿದ. ಎದೆಗೆ ಯೂಸುಫ್ ಎಂಬ ಬಿಲ್ಲೆ ಚುಚ್ಚಿಕೊಂಡ. ಮರದ ಹಾಗೆ ನಿಂತು ಫೋಟೋ ತೆಗೆಸಿಕೊಂಡ. ಒಂದು ಕೆಲಸ ಮಾತ್ರ ಬಿಡಲಿಲ್ಲ. ಬೀಗದ ಬಾಗಿಲಿನ ಎದುರು ಹೂಜಿ ಇನ್ನೂ ನೇತಾಡುತ್ತಿತ್ತು, ಈಗ ಅದರ ಕೆಳಗೆ 'ಮುಟ್ಟಬೇಡಿ' ಎಂಬ ಹಿತ್ತಾಳೆಯ ಫಲಕ ಇತ್ತು. ಇಸುಬು ಫಲಕವನ್ನು ಕಾಲಿನಿಂದ ಆಚೆ ಸರಿಸಿ, ದಿನಕ್ಕೆ ಮೂರು ಸಲ ಹೂಜಿ ತುಂಬಿ, ಫಲಕವನ್ನು ಕಾಲಿನಿಂದಲೇ ಈಚೆ ತರುತ್ತಿದ್ದ.

ಓಪನಿಂಗ್ ಜುಲೈಯಲ್ಲಿ ಇಟ್ಟರು. ಸಲಾಲಾದಲ್ಲಿ ಮಳೆ ಹನಿಯುವ ಖರೀಫಿನ ಕಾಲ, ಇಡೀ ದೇಶ ಆ ರಸ್ತೆಯಲ್ಲಿ ದಕ್ಷಿಣಕ್ಕೆ ಓಡುವ ಕಾಲ. ರಿಮ್ತ್‌ನಲ್ಲಿ ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ಚಪ್ಪಲಿಯ ಅಡಿ ಸುಡುತ್ತಿತ್ತು. ಮಸ್ಕತ್‌ನಿಂದ ಅತಿಥಿಗಳು ಬಂದರು, ಕ್ಯಾಮೆರಾ ಹಿಡಿದ ಹುಡುಗಿಯರು ಬಂದರು. ಹೂಜಿಯಿಂದ ತೊಟ್ಟಿಕ್ಕಿದ ನೀರು ಹೊಸ ಟೈಲ್ಸಿನ ಮೇಲೆ ಕಲೆ ಮಾಡಿದ್ದನ್ನು ನೋಡಿ ಅಝ್ಝಾನ್ ಮುಖ ಸಿಂಡರಿಸಿದ. "ಯೂಸುಫ್, ಯಲ್ಲಾ, ಇದನ್ನು ಖಾಲಿ ಮಾಡು. ಇವತ್ತೊಂದು ದಿನ."

ಇವತ್ತೊಂದು ದಿನ. ಇಸುಬು ಹಲ್ಲು ಕಚ್ಚಿದ. ಆಮೇಲೆ, ಇದನ್ನು ಅವನು ಸಾಯುವ ತನಕ ತನಗೆ ಕ್ಷಮಿಸಲಾರ, ಹೂಜಿಯನ್ನು ತನ್ನ ಕೈಯಾರೆ ಇಳಿಸಿ, ನೀರನ್ನು ಜಲ್ಲಿಗೆ ಚೆಲ್ಲಿ, ಬಟ್ಟೆಯಲ್ಲಿ ಒರೆಸಿ, ತಿರುಗಿ ತೂಗುಹಾಕಿದ.

ಮಧ್ಯಾಹ್ನ ಎರಡು ಗಂಟೆಗೆ ಪಂಪಿನವರು, ಪಂಕ್ಚರ್ ಅಂಗಡಿಯವರೂ ಸೇರಿ ಎಲ್ಲರೂ ಊಟದ ಹಾಲಿನಲ್ಲಿದ್ದರು. ಕಹ್ವಾದ ತಟ್ಟೆ ಹಿಡಿದು ಹಾಲಿನ ಬಾಗಿಲಲ್ಲಿ ನಿಂತಿದ್ದ ಇಸುಬುವಿಗೆ ಪಂಪಿನ ಕಡೆಯಿಂದ ಮೂವರು ನಡೆದು ಬರುವುದು ಕಾಣಿಸಿತು. ಒಬ್ಬ ಗಂಡಸು, ಇಬ್ಬರು ಹೆಂಗಸರು. ಆ ಬಿಸಿಲಿನಲ್ಲಿ ನಡೆಯುವವರಿಲ್ಲ, ನಡೆದು ಬಂದರೆಂದರೆ ಗಾಡಿ ಕೆಟ್ಟಿದೆ. ಆಚೀಚೆ ನೋಡದೆ ಅವರು ನೇರ ಒಂದನೇ ನಂಬರಿಗೆ ಬಂದರು. ಗಂಡಸು ಅಂಗೈಯಿಂದ ಬಾಗಿಲು ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದ. ಆಗ ಬೀಗ ಕಂಡಿತು. ಅಷ್ಟರಲ್ಲಿ ಮುದುಕಿ ಜಗಲಿಯ ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಗ್ಗ ಸಮೇತ ಬಾಯಿಗೆ ಬಗ್ಗಿಸಿದಳು. ಏನೂ ಬರಲಿಲ್ಲ. ಮತ್ತೂ ಬಗ್ಗಿಸಿದಳು. ಹೂಜಿಯ ಬಾಯಿಯನ್ನು ನಾಲಿಗೆಯಿಂದ ನೆಕ್ಕಿದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಮೆಲ್ಲ ಜಾರಿ ಕೂತಳು.

ತಟ್ಟೆ ಇಸುಬುವಿನ ಕೈಯಿಂದ ಬಿತ್ತು. ಹನ್ನೆರಡು ಕೋಣೆಯ ಉದ್ದವನ್ನು ಅವನು ಹೇಗೆ ಓಡಿದನೋ ಅವನಿಗೇ ನೆನಪಿಲ್ಲ.

"ಇಸುಬಾಕ ಅಲ್ವಾ?" ಗಂಡಸಿನ ತುಟಿ ಒಡೆದಿತ್ತು. "ನಾನು ಮಹ್ರೂಫ್, ರುಸೈಲ್‌ನ ಪೈಪ್ ಫ್ಯಾಕ್ಟರಿಯಲ್ಲಿದ್ದೇನೆ. ರೇಡಿಯೇಟರ್ ಹೋಯ್ತು, ಮೂರು ಕಿಲೋಮೀಟರ್ ಹಿಂದೆ. ಒಂದು ಗಂಟೆ ಕೈ ತೋರ್ಸಿದೆವು, ಒಬ್ಬನೂ ನಿಲ್ಸಲಿಲ್ಲ. ಇದ್ದ ನೀರೆಲ್ಲ ರೇಡಿಯೇಟರಿಗೆ ಹಾಕಿ ಖಾಲಿ. ನಮ್ಮ ಕ್ಯಾಂಪಲ್ಲಿ ಎಲ್ರೂ ಹೇಳ್ತಾರಲ್ಲ, ಎಂತ ಆದ್ರೂ ಒಂದನೇ ನಂಬರು ತೆರೆದೇ ಇರ್ತದೆ ಅಂತ. ಉಮ್ಮನಿಗೆ ಶುಗರ್ ಉಂಟು…"

ಅವನ ಹೆಂಡತಿ ಶಹನಾ ಅತ್ತೆ ಹವ್ವಮ್ಮನ ಕೆನ್ನೆ ತಟ್ಟುತ್ತಾ, "ಮಾಮೀ, ಮಾಮೀ" ಎಂದು ಕೂಗುತ್ತಿದ್ದಳು. ಮುದುಕಿಯ ಮೈ ಒಣಗಿ ಕಾದಿತ್ತು, ಬೆವರೇ ಇರಲಿಲ್ಲ. ಬೆವರು ನಿಂತರೆ ಏನಾಗುತ್ತದೆಂದು ಆ ರಸ್ತೆಯಲ್ಲಿ ಇಸುಬುವಿಗಿಂತ ಚೆನ್ನಾಗಿ ತಿಳಿದವರಿಲ್ಲ.

ಹಿಂದೆಯೇ ಓಡಿಬಂದ ಜೋಸ್ಟನ್ ಏದುಸಿರು ಬಿಡುತ್ತಿದ್ದ. ಇಸುಬು ಕೈ ಚಾಚಿದ. "ಕೀ ಕೊಡಿ."

"ಬ್ಯಾರಿಗಳೇ… ಸರ್ ಒಳಗೆ ಸ್ಪೀಚ್ ಮಾಡ್ತಾ ಇದ್ದಾರೆ. ಒಂದು ನಿಮಿಷ, ಕೇಳಿ ಬರ್ತೇನೆ…"

"ಕೀ ಕೊಡಿ!"

ಜೋಸ್ಟನ್‌ನ ಕೈ ಕಿಸೆಗೆ ಹೋಯಿತು. ಅಲ್ಲೇ ನಿಂತಿತು. ಹೊರಗೆ ಬರಲಿಲ್ಲ.

ಇಸುಬು ಅವನನ್ನು ಒಮ್ಮೆ ನೋಡಿದ. ಬೈಯಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅವನು ಬೈಯದೆ ಬಿಟ್ಟ ಮನುಷ್ಯ ಅವನೊಬ್ಬನೇ. ಪಂಕ್ಚರ್ ಅಂಗಡಿಗೆ ಹೋಗಿ ಟಯರ್ ಬಿಚ್ಚುವ ಕಬ್ಬಿಣದ ಲಿವರ್ ತಂದ. ಕೊಂಡಿಯ ಸಂದಿಗೆ ಅದನ್ನು ತೂರಿಸಿ ಮೈಯ ಭಾರವನ್ನೆಲ್ಲ ಹಾಕಿದ. ಮೊದಲ ಸಲ ಕೈ ಜಾರಿ ಅಂಗೈ ಸೀಳಿತು. ಎರಡನೆಯ ಸಲ ಮೊಳೆ ಕಿತ್ತು, ಕೊಂಡಿ, ಬೀಗ ಎಲ್ಲ ಒಟ್ಟಿಗೆ ಟೈಲ್ಸಿನ ಮೇಲೆ ಬಿತ್ತು. ಬಾಗಿಲು ತಳ್ಳಿದ ಕೂಡಲೇ ತೆರೆಯಿತು.

ಹವ್ವಮ್ಮನನ್ನು ಎತ್ತಿ ಮಂಚದಲ್ಲಿ ಮಲಗಿಸಿದರು. ಮಂಚದ ಮೇಲಿದ್ದ ರೇಡಿಯೋ, ರಿಜಿಸ್ಟರು ನೆಲಕ್ಕೆ ಹೋದವು. ಇಸುಬು ಎ.ಸಿ. ಹಾಕಿದ, ಬಕೆಟ್ಟಿನ ನೀರಲ್ಲಿ ಬೆಡ್‌ಶೀಟು ಅದ್ದಿ ಅವಳ ಮೈಗೆ ಸುತ್ತಿದ, ತಲೆಗೆ ನೀರು ಹೊಯ್ದ. "ಉಮ್ಮಾ, ಕಣ್ಣು ಬಿಡಿ. ಬಿಡಿ ಅಂದ್ರೆ ಬಿಡ್ಬೇಕು!" ಎಂದು ಅವಳಿಗೂ ರೇಗಿದ. ಎಷ್ಟೋ ಹೊತ್ತಾದ ಮೇಲೆ ಅವಳ ರೆಪ್ಪೆ ಅದುರಿತು. ಚಮಚದಲ್ಲಿ ಕೊಟ್ಟ ನೀರು ಗಂಟಲಲ್ಲಿ ಇಳಿಯಿತು. ಬಾಗಿಲಲ್ಲಿ ಗುಂಪುಗೂಡಿದ್ದ ಅತಿಥಿಗಳ ಪೈಕಿ ಒಬ್ಬಳು ಡಾಕ್ಟರ್ ಇದ್ದಳು. ಅವಳು ನಾಡಿ ಹಿಡಿದು, ಆಸ್ಪತ್ರೆಗೆ ಸಾಗಿಸೋಣ, ಜೀವಕ್ಕೆ ಭಯವಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದಳು.

ಹವ್ವಮ್ಮನನ್ನು ಡಾಕ್ಟರ ಕಾರಿನಲ್ಲಿ ಆದಂ ಕಡೆಗೆ ಕಳಿಸಿದ ಮೇಲೆ ಅಝ್ಝಾನ್ ಮ್ಯೂಸಿಯಂ ನೋಡಲು ಬಂದ. ದಾರಂದ ಸೀಳಿತ್ತು, ಹಮೂದರ ಫೋಟೋದ ಗಾಜು ಒಡೆದಿತ್ತು, ನೆಲವಿಡೀ ನೀರು, ಇಸುಬುವಿನ ಕೈಯ ರಕ್ತ. ಅತಿಥಿಗಳ ಎದುರು ಮಾನ ಹೋದ ಉರಿ ಅವನಿಗೆ.

"ಆ ಹೆಂಗಸನ್ನು ನಾನು ಬೇಡ ಎನ್ನುತ್ತಿದ್ದೆನಾ? ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ! ನಿನಗೆ ಯಾವ ಅಧಿಕಾರ? ಇಲ್ಲಿ ನೀನು ಯಾರು?"

ಇಸುಬು ಕಿಸೆಯಿಂದ ಪತಾಕ ತೆಗೆದು ಅವನ ಮುಖದ ಎದುರು ಹಿಡಿದ. ಚೀಟಿಗೂ ರಕ್ತ ಹತ್ತಿತು.

"ನೀನೇ ಓದಿ ಹೇಳಿದ್ದಲ್ಲವಾ? ತೋಟದ ಕೆಲಸಗಾರ. ತೋಟದ ಕೆಲಸಗಾರನ ಕೆಲಸ ನೀರು ಹಾಕುವುದು. ಒಣಗಿದ್ದು ಕಂಡಿತು, ಹಾಕಿದೆ. ಅದಕ್ಕೆ ಯಜಮಾನನ ಭಾಷಣ ಮುಗಿಯುವ ತನಕ ಕಾಯುವ ಕ್ರಮ ಯಾವ ತೋಟದಲ್ಲೂ ಇಲ್ಲ."

ಅಝ್ಝಾನ್ ಪೊಲೀಸರನ್ನು ಕರೆಯುತ್ತೇನೆಂದ. ಜೋಸ್ಟನ್ ಅವನ ಕಿವಿಯಲ್ಲಿ ಏನೋ ಹೇಳಿದ. ತೋಟದ ವೀಸಾದವನನ್ನು ಇಷ್ಟು ವರ್ಷ ರೆಸ್ಟ್ ಹೌಸಿನಲ್ಲಿ ದುಡಿಸಿದ್ದು ಹೊರಬಂದರೆ ಮೊದಲ ದಂಡ ಯಾರಿಗೆ ಎಂದಿರಬೇಕು. ಅಝ್ಝಾನ್ ಫೋನ್ ಕೆಳಗಿಳಿಸಿದ. "ನಾಳೆ ಬೆಳಿಗ್ಗೆ ತೋಟಕ್ಕೆ ಹೋಗು. ಈ ಕಡೆ ಮತ್ತೆ ಕಾಲಿಡಬೇಡ. ಬಾಗಿಲಿಗೆ ಎರಡು ಬೀಗ ಹಾಕಿಸುತ್ತೇನೆ."

ಎರಡು ಬೀಗದ ಆ ಮಾತು ಇಸುಬುವನ್ನು ಸುಟ್ಟಿತು. ತೋಟಕ್ಕೆ ಕಳಿಸಿದ್ದಕ್ಕೆ ಅವನಿಗೆ ಅಷ್ಟು ನೋವಾಗಲಿಲ್ಲ. ಅಷ್ಟೆಲ್ಲ ಕಣ್ಣೆದುರು ಕಂಡ ಮೇಲೂ ಒಂದರ ಜಾಗದಲ್ಲಿ ಎರಡು ಬೀಗ ಎಂದನಲ್ಲ, ಅದು ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ತೋಟದ ಪಿಕಪ್ ಬರುವ ಮೊದಲೇ ಅವನು ಸ್ಕ್ರೂಡ್ರೈವರ್ ಹಿಡಿದು ಒಂದನೇ ನಂಬರಿಗೆ ಬಂದ. ಕಟ್ಟಿದ ಕೈಯಲ್ಲೇ ಒಂದೊಂದು ತಿರುಪನ್ನೂ ಬಿಚ್ಚಿದ. ಅವನೇ ಹಾಕಿದ ತಿರುಪುಗಳು, ಯಾವುದು ಎಲ್ಲಿ ಬಿಗಿ ಎಂದು ಅವನಿಗೆ ಗೊತ್ತಿತ್ತು. ಜೋಸ್ಟನ್ ಬಂದು ನೋಡುವಾಗ ಬಾಗಿಲು ಗೋಡೆಗೆ ಒರಗಿ ನಿಂತಿತ್ತು, ಕೋಣೆ ಬಾಯಿ ತೆರೆದುಕೊಂಡಿತ್ತು.

"ಇದೆಂತ ಮಾಡಿದ್ರಿ ಬ್ಯಾರಿಗಳೇ!"

"ಈ ಬಾಗಿಲು ನನ್ನದು. ನನಗೆ ಕೊಟ್ಟದ್ದು. ಬೀಗ ಹಾಕ್ಲಿಕ್ಕೆ ಬಾಗಿಲು ಬೇಡ್ವಾ? ಹಾಕ್ಲಿ ಅವನು, ಗಾಳಿಗೆ ಹಾಕ್ಲಿ, ಎರಡಲ್ಲ ಹತ್ತು ಹಾಕ್ಲಿ. ಒಂದು ಕಡೆ ಹಿಡೀರಿ, ಭಾರ ಉಂಟು."

ಜೋಸ್ಟನ್ ಒಂದು ಗಳಿಗೆ ಊಟದ ಹಾಲಿನ ಕಡೆ ತಿರುಗಿ ನೋಡಿದ. ಆಮೇಲೆ ಬಗ್ಗಿ ಹಿಡಿದ. ಇಬ್ಬರೂ ಸೇರಿ ಬಾಗಿಲನ್ನು ಪಿಕಪ್ಪಿಗೆ ಏರಿಸಿದರು. ಇಸುಬು ಹೂಜಿಯನ್ನು ತುಂಬಿಸಿ, ಚೌಕುಳಿ ಅಂಗಿಯನ್ನು ಕೆಂಪು ಕಾರಿನ ಮೇಲೆ ಎಸೆದು, ಪಿಕಪ್ ಹತ್ತಿದ. ಜೋಸ್ಟನ್‌ಗೆ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ನಿಜ್ವಾದ ತೋಟದಲ್ಲಿ ನೆರಳಿತ್ತು, ಕಾಲುವೆಯಲ್ಲಿ ನೀರಿತ್ತು, ಹೊತ್ತಿಗೆ ಊಟವಿತ್ತು. ರೇಗಲು ಮನುಷ್ಯರೇ ಇರಲಿಲ್ಲ. ಇಸುಬು ಬಾಗಿಲನ್ನು ನಾಲ್ಕು ಕಲ್ಲಿನ ಮೇಲೆ ಅಡ್ಡ ಮಲಗಿಸಿ ಅದರ ಮೇಲೆ ಮಲಗಿದ. ಖರ್ಜೂರದ ಮರಗಳಿಗೆ ಬೈದ. ಅವು ತಿರುಗಿ ಏನೂ ಅನ್ನಲಿಲ್ಲ. ಹೊಸ ಬಾಗಿಲಿಗೆ ಮಸ್ಕತ್‌ನಲ್ಲಿ ಆರ್ಡರ್ ಕೊಟ್ಟಿದ್ದಾರೆ, ಒಂದು ತಿಂಗಳಲ್ಲಿ ಬರುತ್ತದೆ ಎಂದು ಪಿಕಪ್ಪಿನ ಡ್ರೈವರ್ ಹೇಳಿದ. ಒಂದು ತಿಂಗಳು ಎಂದು ಇಸುಬು ದಿನ ಎಣಿಸಿದ. ತಿಂಗಳು ಮುಗಿದ ದಿನ ಊಟ ಮಾಡಲಿಲ್ಲ.

ಅದರ ಮರುದಿನ ಜೋಸ್ಟನ್‌ನ ಫೋನ್ ಬಂತು. ಇಸುಬು ತೆಗೆದು ಕಿವಿಗಿಟ್ಟ.

"ಬ್ಯಾರಿಗಳೇ, ಹೊಸ ಬಾಗಿಲು ಬಂತು."

"ಹಾಕಿದ್ರಾ?"

"ಇಲ್ಲ. ಕೂಡ್ಲಿಲ್ಲ. ಅಗಲ ನಾಲ್ಕು ಇಂಚು ಜಾಸ್ತಿ. ಸ್ಟೀಲ್ ಬಾಗಿಲು, ಕೊಯ್ಲಿಕ್ಕೂ ಆಗುದಿಲ್ಲ. ವಾಪಸ್ ಕಳ್ಸಿದ್ದು."

"ಅಳತೆ ತೆಗ್ದ ಕತ್ತೆ ಯಾರು?"

"ನಾನೇ."

ಇಸುಬು ಎದ್ದು ಕೂತ. ಆ ಕಡೆ ಜೋಸ್ಟನ್ ಗಂಟಲು ಸರಿಮಾಡಿಕೊಂಡ. "ಟೇಪು ಹಿಡಿದು ಮೂರು ಸಲ ನೋಡಿದ್ದೆ. ಆದ್ರೂ ಬರೀವಾಗ ತಪ್ಪಿತು. ಸರ್ ಚೆನ್ನಾಗಿ ಬೈದ್ರು. ಈ ತಿಂಗ್ಳು ಐದು ಗಾಡಿಯವ್ರು ಬಂದು ಮಲ್ಕೊಂಡು ಹೋದ್ರು, ಬಾಗಿಲಿಗೆ ಬೆಡ್‌ಶೀಟು ಕಟ್ಟಿ ಕೊಟ್ಟೆ. ಹೂಜಿ ನಾನೇ ತುಂಬ್ಸುದು."

"ದಿನಕ್ಕೆ ಎಷ್ಟು ಸಲ?"

"ಬೆಳಿಗ್ಗೆ ಒಂದ್ಸಲ…"

"ಒಂದ್ಸಲ! ಜುಲೈ ಆಗಸ್ಟಿನಲ್ಲಿ ಒಂದ್ಸಲ! ಪೊರ್ಬುಗಳೇ, ನಿಮ್ಮ ಮಂಡೆಯಲ್ಲಿ ಎಂತ ಉಂಟು, ಮಣ್ಣಾ? ಮೂರು ಸಲ ತುಂಬ್ಸಬೇಕು. ಮೂರನೇದು ಸಂಜೆಯ ಅಸರ್ ನಮಾಜಿನ ಬಾಂಗ್ ಆದ ಕೂಡ್ಲೆ. ಹಗ್ಗ ನೋಡಿದ್ರಾ? ಸವೆದಿದ್ರೆ ಬದ್ಲು ಮಾಡಿ, ಬಿದ್ದು ಒಡೆದ ಮೇಲೆ ಅಳ್ಬೇಡಿ…" ಒಂದು ತಿಂಗಳು ಕಟ್ಟಿಟ್ಟದ್ದನ್ನೆಲ್ಲ ಅವನು ಅಂದುಬಿಟ್ಟ. ಜೋಸ್ಟನ್ ಒಂದೊಂದಕ್ಕೂ ಹೂಂಗುಟ್ಟಿದ.

ಉಸಿರು ತಿರುಗಿಸಿಕೊಂಡು ಇಸುಬು ಕೇಳಿದ. "ಇನ್ನೊಂದು ಬಾಗಿಲಿಗೆ ಆರ್ಡರ್ ಕೊಟ್ಟಾಯ್ತಾ?"

"ಇನ್ನೂ ಇಲ್ಲ. ಪುನಃ ಅಳತೆ ತೆಗೀಬೇಕು."

"ಬೇರೆ ಯಾರ ಕೈಯಲ್ಲೂ ಟೇಪು ಕೊಡ್ಬೇಡಿ," ಎಂದ ಇಸುಬು. "ನೀವೇ ತೆಗೀರಿ."